ಕಪ್ಪತಗುಡ್ಡ ಸುಟ್ಟ ಮೇಲೆ

ಬೇಸಿಗೆ ಬಂತಂದ್ರೆ ಗದಗ, ಶಿರಹಟ್ಟಿ, ಮುಂಡರಗಿ ಕಡೆಯವರು ರಾತ್ರಿ ಕಪ್ಪತಗುಡ್ಡದ ಮೇಲೆ ಬೆಂಕಿಯ ಗೆರೆ ನೋಡಿರ್ತಾರೆ. ಟಿವಿಗೆ ಆ ದೃಶ್ಯ ಸಾಕು. ನನ್ನ ಪ್ರಶ್ನೆ ಬೇರೆ: ಬೆಂಕಿ ಆರಿದ ಮೇಲೆ ಕಾಡು ವಾಪಸ್ ಬರುತ್ತಾ?

ಹುಲ್ಲು ಬರುತ್ತೆ, ಮೊದಲ ಮಳೆಗೇ. ಬೇರು ಗಟ್ಟಿಯಿರುವ ಹಳೆಯ ಗಿಡಗಳೂ ಬುಡದಿಂದ ಚಿಗುರ್ತವೆ. ಬಾರದೇ ಹೋಗೋದು ಬೀಜದಿಂದ ಹುಟ್ಟಿದ ಒಂದೆರಡು ವರ್ಷದ ಸಸಿ. ಬೇರು ಆಳಕ್ಕೆ ಇಳಿಯುವ ಮೊದಲೇ ಅದು ಸುಟ್ಟಿರುತ್ತೆ. ಹೊದಿಕೆ ಹೋದ ಇಳಿಜಾರಿನ ತೆಳು ಮಣ್ಣನ್ನು ಮಳೆ ಕೊಚ್ಚಿಕೊಂಡು ಹೋಗುತ್ತೆ. ಮರದ ನೆರಳಿಲ್ಲದ ಕಡೆ ಹುಲ್ಲು ಇನ್ನಷ್ಟು ದಟ್ಟ. ಒಣಗಿದರೆ ಅದೇ ಮುಂದಿನ ಬೆಂಕಿಗೆ ಉರುವಲು. ನಾನು ಓದಿದ ಎಂಜಿನಿಯರಿಂಗ್‌ನಲ್ಲಿ ಇದನ್ನು ಫೀಡ್‌ಬ್ಯಾಕ್ ಅಂತಾರೆ. ನಮ್ಮ ಮಾತಲ್ಲಿ, ಗಾಯ ಮಾಯೋ ಮುಂಚೆ ಮತ್ತೆ ಕೆರೆಯೋದು.

ಕೆನಡಾ, ಸೈಬೀರಿಯಾದಲ್ಲಿ ಇದು ಇನ್ನೂ ಘೋರ. ಅಲ್ಲಿ ನೆಲದಡಿಯ ಮಣ್ಣು ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿದೆ. ಮೇಲಿನ ಪಾಚಿಯ ಹೊದಿಕೆ ಸುಟ್ಟರೆ ಒಳಗಿನ ಹಿಮ ಕರಗಿ ನೆಲ ಕುಸಿಯುತ್ತೆ, ನಿಂತ ಮರಗಳೂ ವಾಲ್ತವೆ. 2023ರಲ್ಲಿ ಕೆನಡಾ ಒಂದರಲ್ಲೇ ಸುಟ್ಟಿದ್ದು 1.5 ಕೋಟಿ ಹೆಕ್ಟೇರ್‌ಗೂ ಹೆಚ್ಚು.

ನಮ್ಮ ಗುಡ್ಡಕ್ಕೆ ಕೊಟ್ಟ ಸಂರಕ್ಷಿತ ಸ್ಥಾನವನ್ನು ಸರ್ಕಾರ 2016ರಲ್ಲಿ ಹಿಂಪಡೆದಿತ್ತು. ಜನ ಬೀದಿಗಿಳಿದರು, 2017ರಲ್ಲಿ ಅದು ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಗಣಿಗೆ ಅದು ತಡೆ. ಬೆಂಕಿಗೆ ಬೇರೆ ಕೆಲಸ ಬೇಕು: ಹುಲ್ಲು ಒಣಗುವ ಮೊದಲೇ ಬೆಂಕಿರೇಖೆ ತೆಗೆದಿದ್ದಾರಾ ಅಂತ ಕೇಳಿ. ಎಳೆ ಹುಲ್ಲಿನ ಆಸೆಗೆ ಕಡ್ಡಿ ಗೀರುವವರಿದ್ದರೆ, ಕೇಸು ಹಾಕುವ ಮುಂಚೆ ಅವರ ಕುರಿಗೆ ಮೇವೆಲ್ಲಿ ಅಂತಲೂ ಕೇಳಿ.