ಸೈನಿಕ ಟೋಕನ್

ಸೈನಿಕ ಟೋಕನ್ ಎಂದರೆ ಸೇನಾ ತುಕಡಿ, ಮೆಸ್, ಕ್ಯಾಂಟೀನು ಅಥವಾ ದಂಡಿನ ಗುತ್ತಿಗೆ ವ್ಯಾಪಾರಿಯು ಹೊರಡಿಸಿದ, ನಿಗದಿತ ಸ್ಥಳದಲ್ಲಿ ಮಾತ್ರ ಚಲಾವಣೆಯಾಗುತ್ತಿದ್ದ ಬಿಲ್ಲೆ ಅಥವಾ ಚೀಟಿ. ಇದು ಸರ್ಕಾರ ಟಂಕಿಸಿದ ನಾಣ್ಯವಲ್ಲ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಮುಂತಾದ ಅಗ್ಗದ ವಸ್ತುಗಳಿಂದ ತಯಾರಾದ ಇದಕ್ಕೆ ಲೋಹದ ಬೆಲೆ ಅತ್ಯಲ್ಪ. ಸಂಗ್ರಾಹಕರಲ್ಲಿ ಇದರ ಬೆಲೆ ಇತಿಹಾಸ ಮತ್ತು ವಿರಳತೆಯನ್ನು ಅವಲಂಬಿಸಿದೆ.

ಹಿನ್ನೆಲೆ

ಚಿಲ್ಲರೆಯ ಅಭಾವ ನೀಗಿಸಲು ಮತ್ತು ಸೈನಿಕರಿಗೆ ಸಾಲದ ರೂಪದಲ್ಲಿ ಸರಕು ಒದಗಿಸಲು ಟೋಕನ್‌ಗಳು ಬಳಕೆಗೆ ಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇರಿಸಲಾಗಿತ್ತು. ಕೈದಿಗಳ ಶಿಬಿರಗಳಲ್ಲಿ ಕ್ಯಾಂಟೀನು ಇರಬೇಕೆಂದು 1929ರ ಜಿನೀವಾ ಒಪ್ಪಂದ ವಿಧಿಸಿತ್ತು. ಭಾರತದ ಇಂಥ ಶಿಬಿರಗಳಲ್ಲಿ ನಗದಿನ ಬದಲು ಕೂಪನ್‌ಗಳು ಬಳಕೆಯಲ್ಲಿದ್ದವು. ಇವು ಹೊರಗಿನ ಪೇಟೆಯಲ್ಲಿ ನಡೆಯದ ಕಾರಣ ತಪ್ಪಿಸಿಕೊಂಡ ಕೈದಿಗೆ ನಿರುಪಯುಕ್ತವಾಗಿದ್ದವು.

ಕಾಲನಿರ್ಣಯ

* ಮೌಲ್ಯದ ಘಟಕ: ಭಾರತದಲ್ಲಿ ದಶಮಾಂಶ ಪದ್ಧತಿ 1957ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಆಣೆ, ಪೈಗಳಲ್ಲಿ ಬೆಲೆ ನಮೂದಾಗಿದ್ದರೆ ಟೋಕನ್ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು.
* ತುಕಡಿಯ ಹೆಸರು: ಬ್ರಿಟಿಷ್ ಕಾಲಾಳು ರೆಜಿಮೆಂಟುಗಳಿಗೆ 1881ರಲ್ಲಿ ಸಂಖ್ಯೆಯ ಬದಲು ಪ್ರಾದೇಶಿಕ ಹೆಸರುಗಳನ್ನು ನೀಡಲಾಯಿತು.
* ಸ್ಥಳನಾಮ: ಒಂದು ತುಕಡಿ ಯಾವ ದಂಡಿನಲ್ಲಿ ಯಾವ ವರ್ಷ ಬೀಡುಬಿಟ್ಟಿತ್ತೆಂಬುದನ್ನು ರೆಜಿಮೆಂಟಿನ ಇತಿಹಾಸಗ್ರಂಥಗಳೊಡನೆ ತಾಳೆ ನೋಡಬಹುದು.

ಮೌಲ್ಯನಿರ್ಣಯ

ಮೊದಲು ಟೋಕನ್ನಿನ ತೂಕ ಮತ್ತು ವ್ಯಾಸವನ್ನು ಅಳೆದು, ಎರಡೂ ಮುಖಗಳ ಬರಹವನ್ನು ಯಥಾವತ್ತಾಗಿ ದಾಖಲಿಸಬೇಕು. ಹುಣಸೆಹಣ್ಣು ಅಥವಾ ಪಾಲಿಶ್ ಹಾಕಿ ಉಜ್ಜಿದರೆ ಮೇಲ್ಮೈ ಹಾಳಾಗಿ ಬೆಲೆ ಕುಸಿಯುತ್ತದೆ. ಮಾರಾಟಗಾರರು ಕೇಳುವ ಬೆಲೆಗಿಂತ ಹರಾಜಿನಲ್ಲಿ ವಾಸ್ತವವಾಗಿ ಸಂದ ಬೆಲೆಯೇ ವಿಶ್ವಾಸಾರ್ಹ. ಅಮೆರಿಕದ ಟೋಕನ್‌ಗಳಿಗೆ ಜೇಮ್ಸ್ ಕರ್ಟೊ ರಚಿಸಿದ ಸೂಚಿಯು ಪ್ರಮುಖ ಆಕರ.

ಹಳೆಯ ನಾಣ್ಯಗಳಿಗೆ ಲಕ್ಷಾಂತರ ರೂಪಾಯಿ ಕೊಡುವುದಾಗಿ ನಂಬಿಸಿ, ಮುಂಗಡವಾಗಿ ಶುಲ್ಕ ಅಥವಾ ತೆರಿಗೆಯ ಹೆಸರಿನಲ್ಲಿ ಹಣ ಕೀಳುವ ವಂಚನೆಗಳು ನಡೆಯುತ್ತಿವೆ. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು.

ನೆಲದಲ್ಲಿ ದೊರೆತ ವಸ್ತುಗಳು

ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರಾಚೀನ ನೆಲೆಗಳು ಹೇರಳವಾಗಿವೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಹಾಗೂ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದರು. ಚಂದ್ರವಳ್ಳಿಯ ರೋಮನ್ ಬೆಳ್ಳಿ ನಾಣ್ಯಗಳು ಅಲ್ಲಿನ ಮಣ್ಣಿನ ಪದರಗಳ ಕಾಲನಿರ್ಣಯಕ್ಕೆ ನೆರವಾದವು. ಸಿಕ್ಕ ಜಾಗದಿಂದ ಕಿತ್ತು ಮಾರಿದ ನಾಣ್ಯ ಅಥವಾ ಬಿಲ್ಲೆಯಿಂದ ಇಂಥ ಮಾಹಿತಿ ದೊರೆಯದು.

ಆದ್ದರಿಂದ ಚಳ್ಳಕೆರೆ, ಮೊಳಕಾಲ್ಮೂರು ಭಾಗದಲ್ಲಿ ಉಳುವಾಗಲೋ ಪಾಯ ತೋಡುವಾಗಲೋ ದೊರೆತ ನಿಧಿಯನ್ನು, ಮನೆಯಲ್ಲಿ ವಂಶಪಾರಂಪರ್ಯವಾಗಿ ಬಂದ ಟೋಕನ್‌ನಿಂದ ಬೇರೆಯಾಗಿ ನೋಡಬೇಕು. ನಿಧಿ ಕಾಯಿದೆಗಳ ಪ್ರಕಾರ ಅದನ್ನು ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ. ನೂರು ವರ್ಷ ಮೀರಿದ ನಾಣ್ಯಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯಡಿ ಪುರಾವಸ್ತುಗಳೆನಿಸುತ್ತವೆ; ಖಾಸಗಿ ವ್ಯಕ್ತಿಗಳು ಪುರಾವಸ್ತುಗಳನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ.