ನಿಮಗಿದು ಗೊತ್ತೇ? ಕಡಲ ಕೋಟೆಗಳ ಕಿರುತೋಪು

ಬೇಕಲ ಕೋಟೆಯ ಹೊರಗೋಡೆಯಲ್ಲಿ ಗುಂಡು ಹಾರಿಸುವ ಗಂಡಿಗಳು ಮೂರು ಬಗೆ. ಮೇಲಿನವು ದೂರದ ಶತ್ರುವಿಗೆ, ನಡುವಿನವು ಹತ್ತಿರ ಬಂದವನಿಗೆ, ಕೆಳಗಿನವು ಗೋಡೆಯ ಬುಡಕ್ಕೇ ಬಂದು ಮುಟ್ಟಿದವನಿಗೆ!

ಸುಮಾರು 40 ಎಕರೆಯ ಈ ಮುರಕಲ್ಲಿನ ಕೋಟೆ ಕೇರಳದಲ್ಲೇ ದೊಡ್ಡದು. ಕಟ್ಟಿಸಿದವನು ಮಾತ್ರ ನಮ್ಮ ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಚಂದ್ರಗಿರಿ ಕೋಟೆಯೂ ಅವನದೇ. ಹೊಸದುರ್ಗದ್ದು ಸೋಮಶೇಖರ ನಾಯಕನದು. ಈ ಮೂರರಲ್ಲಿ ಒಂದನ್ನೂ ಯುರೋಪಿನವರು ಕಟ್ಟಲಿಲ್ಲ.

ಪೋರ್ಚುಗೀಸರು ಕೋಟೆ ಕಟ್ಟಿದ್ದು ತೆಂಕಣ ಕಣ್ಣೂರಿನಲ್ಲಿ, 1505ರಲ್ಲಿ. ಎರಡೇ ವರ್ಷಕ್ಕೆ ಅಲ್ಲಿನ ಅರಸ ಕೋಲತ್ತಿರಿ ಮತ್ತು ಕಲ್ಲಿಕೋಟೆಯ ಅರಸ ಸಾಮೂದಿರಿಯ ಪಡೆಗಳು ಅದನ್ನು ಮುತ್ತಿದವು. ಒಳಗಿದ್ದ ಪೋರ್ಚುಗೀಸರು ನಾಲ್ಕು ತಿಂಗಳು ತೋಪುಗಳ ಬಲದಿಂದಲೇ ತಡೆದು ನಿಂತರು. ಕೊನೆಗೆ ಉಳಿಸಿದ್ದು ಸಮುದ್ರದಿಂದ ಬಂದ ಹಡಗುಗಳು.

ಪೋರ್ಚುಗೀಸರ ನೆಚ್ಚಿನ ಕಿರುತೋಪು ‘ಬೆರ್ಸು’. ಹಡಗಿನ ಅಂಚಿಗೋ ಕೋಟೆಗೋಡೆಗೋ ಕಬ್ಬಿಣದ ಕವೆ ನೆಟ್ಟು ಅದರ ಮೇಲೆ ಕೂರಿಸುತ್ತಿದ್ದರು. ಒಬ್ಬನೇ ಬೇಕಾದತ್ತ ತಿರುಗಿಸಬಹುದಿತ್ತು. ಮದ್ದು ತುಂಬುವುದು ಬಾಯಿಂದಲ್ಲ, ಹಿಂದಿನಿಂದ. ಹಿಡಿಯಿರುವ ಲೋಟದಂಥ ಕೊಳವೆಗಳಲ್ಲಿ ಮೊದಲೇ ಮದ್ದು ಜಡಿದಿಟ್ಟು, ಒಂದು ಸಿಡಿದ ಕೂಡಲೇ ತೆಗೆದು ಇನ್ನೊಂದನ್ನು ಕೂರಿಸಿ, ಬೆಣೆ ಹೊಡೆದರಾಯಿತು. ದೊಡ್ಡ ತೋಪಿಗೆ ಮತ್ತೆ ಮದ್ದು ತುಂಬಿ ಮುಗಿಯುವುದರೊಳಗೆ ಇದು ಹಲವು ಸಲ ಉಗುಳುತ್ತಿತ್ತು. ದೋಷವೂ ಇತ್ತು: ಬೆಣೆಯ ಸಂದಿಯಲ್ಲಿ ಹೊಗೆ, ಬೆಂಕಿ ಸೋರಿ ಹೊಡೆತದ ಬಲ ಕುಗ್ಗುತ್ತಿತ್ತು. ಕೋಟೆಗೋಡೆ ಒಡೆಯಲು ಇದು ಸಾಲದು. ಏಣಿ ಹತ್ತುವವರನ್ನು ಕೆಡಹಲು ಇದಕ್ಕಿಂತ ಬೇರೆ ಬೇಡ.

ಆದರೂ ತೋಪಿದ್ದ ಮಾತ್ರಕ್ಕೆ ಕೋಟೆ ಉಳಿಯಲಿಲ್ಲ. 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಪೋರ್ಚುಗೀಸ್ ಕೋಟೆಗಳನ್ನು ಕೆಳದಿಯವರು ಕಿತ್ತುಕೊಂಡರು.

ಮಂಗಳೂರಿನ ಸುಲ್ತಾನ್ ಬತ್ತೇರಿ ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಅಲ್ಲೂ ಗೋಡೆಯ ಸುತ್ತ ತೋಪಿನ ಗಂಡಿಗಳು, ನೆಲದಡಿ ಮದ್ದಿನಮನೆ. ಬೇಕಲದಲ್ಲೂ ಮದ್ದಿನಮನೆ ಇದೆ. ಕಡಲು ನೋಡುವ ಆತುರದಲ್ಲಿ ಹೆಚ್ಚಿನವರು ಅತ್ತ ಸುಳಿಯುವುದಿಲ್ಲ.

ಕುಂಬಳೆ ಉತ್ಸವದ ಸಿಡಿಮದ್ದು, ‘ಬೆಡಿ’, ನೋಡಲು ಹೋಗುವವರಿಗೆ ಮದ್ದಿನ ಸದ್ದು ಹೊಸದಲ್ಲ. ಈ ಸೀಮೆಯ ಉತ್ಸವಗಳಲ್ಲಿ ಸಿಡಿಸುವ ಕದಿನವೂ ಕಬ್ಬಿಣದ ಕೊಳವೆಗೆ ಮದ್ದು ಜಡಿದದ್ದೇ. ಗುಂಡೊಂದಿಲ್ಲ, ಅಷ್ಟೆ.

ಮುಂದಿನ ಸಲ ಬೇಕಲಕ್ಕೆ ಹೋದಾಗ ಬಗ್ಗಿ ಕೆಳಗಿನ ಗಂಡಿಯಲ್ಲಿ ಇಣುಕಿ ನೋಡಿ. ಗೋಡೆಯ ಮೇಲೆ ನಿಮ್ಮ ಹೆಸರು ಮಾತ್ರ ಕೆತ್ತಬೇಡಿ.