ಹೋದ ಕರೆಂಟು ಮರಳುವ ದಾರಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಸರಿ, ತಾಲ್ಲೂಕು ಪೇಟೆಯ ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೊಂಡರೂ ಸರಿ, ಹೊಸ ಕಾರ್ ಸ್ಟೀರಿಯೊದ ಡಬ್ಬಿಯಲ್ಲಿ ಸೆಟ್ಟಿನ ಜೊತೆ ಬಣ್ಣಬಣ್ಣದ ತಂತಿಗಳ ಕಂತೆಯೊಂದು ಇದ್ದೇ ಇರುತ್ತದೆ. ಸೆಟ್ಟನ್ನು ಡ್ಯಾಶ್‌ಬೋರ್ಡಿನಲ್ಲಿ ಕೂರಿಸುವುದು ದೊಡ್ಡ ಕೆಲಸವಲ್ಲ. ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ‘ಸಿಂಗಲ್ ಡಿನ್’ ಖಾನೆ ಜರ್ಮನಿಯಲ್ಲಿ ಹುಟ್ಟಿ ಜಗತ್ತಿಗೆಲ್ಲ ಒಂದೇ ಅಳತೆಯಾಗಿದೆ. ಬೊಲೆರೊ ಪಿಕಪ್ ಇರಲಿ, ಬೇರೆ ಗಾಡಿ ಇರಲಿ, ಖಾನೆಯಿದ್ದರೆ ಸೆಟ್ಟು ಕೂರುತ್ತದೆ. ಹಾಡು ತಿಳಿಯಾಗಿ ಕೇಳುತ್ತದೋ, ಗೊರಗೊರ ಅನ್ನುತ್ತದೋ, ಕೆಲವೇ ತಿಂಗಳಲ್ಲಿ ಸೆಟ್ಟೇ ಸುಟ್ಟುಹೋಗುತ್ತದೋ ಎಂಬುದೆಲ್ಲ ತೀರ್ಮಾನವಾಗುವುದು ಆ ಕಂತೆಯಲ್ಲಿ.

ತಂತಿ ಜೋಡಿಸುವಾಗ ಎಲ್ಲರ ಗಮನ ಹಳದಿ ಮತ್ತು ಕೆಂಪಿನ ಮೇಲಿರುತ್ತದೆ. ಕರೆಂಟು ಬರುವುದು ಅಲ್ಲಿಂದ ತಾನೆ! ಕಪ್ಪು ತಂತಿಯನ್ನು ಕೈಗೆ ಸಿಕ್ಕ ಸ್ಕ್ರೂವಿಗೆ ಸುತ್ತಿಬಿಡುವುದು ವಾಡಿಕೆ. ಆದರೆ ಗಾಡಿಯೊಳಗಿನ ಸಂಗೀತದ ಮುಕ್ಕಾಲು ಪಾಲು ತೊಂದರೆ ಶುರುವಾಗುವುದು ಈ ಕಪ್ಪು ತಂತಿಯಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಟರಿಯ ಪ್ಲಸ್ಸಿನಿಂದ ಎಷ್ಟು ಕರೆಂಟು ಹೊರಟಿತೋ ಅಷ್ಟೂ ಮೈನಸ್ಸಿಗೆ ಮರಳಲೇಬೇಕು. ಹೋಗುವ ದಾರಿ ಹೆದ್ದಾರಿಯಂತಿದ್ದು ಬರುವ ದಾರಿ ಕಾಲುಹಾದಿಯಾಗಿದ್ದರೆ, ಹೋಗುವುದೂ ಕಾಲುಹಾದಿಯ ಲೆಕ್ಕದಲ್ಲೇ.

ಮನೆಯಲ್ಲಿ ಕರೆಂಟು ಹೋಗಲೊಂದು, ಬರಲೊಂದು ತಂತಿ ಎಳೆಯುತ್ತೇವೆ. ಗಾಡಿಯಲ್ಲಿ ಬರುವ ತಂತಿಯನ್ನು ಉಳಿಸಿ, ಆ ಕೆಲಸವನ್ನು ಗಾಡಿಯ ಕಬ್ಬಿಣದ ಮೈಗೆ ವಹಿಸಿದ್ದಾರೆ. ಮೆಕ್ಯಾನಿಕ್ಕುಗಳು ‘ಬಾಡಿ ಅರ್ಥ್’ ಅನ್ನುವುದು ಇದಕ್ಕೇ. ಸಾಮಾನ್ಯ ಕಾರಿನಲ್ಲಿ ಮೈಯೆಲ್ಲ ಒಂದೇ ಬೆಸುಗೆಯ ಗೂಡು. ಪಿಕಪ್ ಹಾಗಲ್ಲ. ಅದರಡಿ ಏಣಿಯಾಕಾರದ ಛಾಸಿ ಇದೆ. ಅದರ ಮೇಲೆ ರಬ್ಬರ್ ಬುಷ್‌ಗಳನ್ನಿಟ್ಟು ಕ್ಯಾಬಿನ್ನನ್ನು ಕೂರಿಸುತ್ತಾರೆ. ಎಂಜಿನ್ ನಿಂತಿರುವುದೂ ರಬ್ಬರಿನ ಮೇಲೆಯೇ. ರಬ್ಬರಿನಲ್ಲಿ ಕರೆಂಟು ಹರಿಯದು. ಹಾಗಾಗಿ ಬ್ಯಾಟರಿ, ಎಂಜಿನ್, ಛಾಸಿ, ಕ್ಯಾಬಿನ್‌ಗಳನ್ನು ಒಂದಕ್ಕೊಂದು ಬೆಸೆಯುವುದು ಕೆಲವು ಅರ್ಥ್ ಕೇಬಲ್ಲುಗಳು, ತಾಮ್ರದ ಹೆಣೆದ ಪಟ್ಟಿಗಳು ಮಾತ್ರ. ಕೆಸರು, ಮಳೆನೀರು, ಮೇಲೆ ಹೇರಿದ ಮಣ್ಣು–ಗೊಬ್ಬರದ ಉಪ್ಪು, ಎಲ್ಲ ತಗುಲುವುದು ಆ ಪಟ್ಟಿಗಳಿಗೇ. ಬೋಲ್ಟಿನಡಿ ತುಕ್ಕು ಹಿಡಿದು ಓಮ್‌ನ ಹತ್ತನೇ ಒಂದು ಭಾಗದಷ್ಟು ರೋಧ ಸೇರಿಕೊಂಡಿತು ಅನ್ನಿ. 10 ಆಂಪಿಯರ್ ಹರಿದರೆ ಅಲ್ಲೇ 1 ವೋಲ್ಟ್ ಖೋತಾ, 10 ವಾಟ್ ಬಿಸಿ. ಹೆಡ್‌ಲೈಟ್ ಹಾಕಿದೊಡನೆ ಸೆಟ್ಟಿನ ಬೆಳಕು ಮಂಕಾಗುವುದು, ತಬಲದ ಪೆಟ್ಟಿಗೆ ಸರಿಯಾಗಿ ಡ್ಯಾಶ್‌ಬೋರ್ಡಿನ ದೀಪ ಮಿಣುಕುವುದು ಇಂಥ ಕಡೆ. ಜನ ಬ್ಯಾಟರಿಯನ್ನು ಬೈಯುತ್ತಾರೆ, ಆಲ್ಟರ್ನೇಟರ್ ಬಿಚ್ಚಿಸುತ್ತಾರೆ. ನಿಜವಾಗಿ ಬೇಕಿದ್ದದ್ದು ಒಂದು ಸ್ಪ್ಯಾನರ್, ಒಂದು ಉಪ್ಪುಕಾಗದ.

ಹಳದಿ–ಕೆಂಪಿನ ಮಾತನ್ನು ಬೇಗ ಮುಗಿಸುತ್ತೇನೆ. ಹಳದಿ ಬ್ಯಾಟರಿಯಿಂದ ನೇರ ಬರುವ ‘ಡೈರೆಕ್ಟ್’ ಲೈನು. ಸ್ಟೇಷನ್ನುಗಳ ನೆನಪು, ಗಡಿಯಾರ ಉಳಿಯುವುದು ಇದರಿಂದ. ಕೆಂಪು ‘ಕೀ ಲೈನು’. ಬೀಗದಕೈ ತಿರುಗಿಸಿದಾಗ ಮಾತ್ರ ಜೀವ ಬರುವಂಥದ್ದು. ಎಂಜಿನ್ ಸ್ಟಾರ್ಟ್ ಮಾಡುವಾಗ ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ಆ ಗಳಿಗೆಗೆ 10 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಕೀ ಲೈನು ಆಗ ತಾನಾಗಿ ಕಡಿದುಕೊಂಡು ಸೆಟ್ಟನ್ನು ಬದಿಗಿಡುತ್ತದೆ. ಎರಡನ್ನೂ ಸೇರಿಸಿ ಡೈರೆಕ್ಟ್ ಕೊಟ್ಟರೆ, ಕೀ ತೆಗೆದ ಮೇಲೂ ಸೆಟ್ಟು ಎಚ್ಚರವಾಗಿರುತ್ತದೆ. ಅರ್ಧ ಆಂಪಿಯರ್ ಎಳೆದರೂ ಮೂರು ದಿನಕ್ಕೆ 36 ಆಂಪಿಯರ್–ಗಂಟೆ. ಸಣ್ಣ ಬ್ಯಾಟರಿ ಮಲಗಲು ಅಷ್ಟು ಸಾಕು.

ಇನ್ನು ಸ್ಪೀಕರ್ ತಂತಿಗಳು. ಬಿಳಿ, ಬೂದು, ಹಸಿರು, ನೇರಳೆ ಎಂಬ ನಾಲ್ಕು ಜೋಡಿ; ಪ್ರತಿ ಜೋಡಿಯಲ್ಲಿ ಕಪ್ಪು ಗೆರೆಯಿರುವುದು ಮೈನಸ್. ಹಳೆಯ ಟೇಪ್‌ರೆಕಾರ್ಡರ್ ಕಾಲದ ಅನೇಕ ಗಾಡಿಗಳಲ್ಲಿ ಸ್ಪೀಕರಿಗೆ ಒಂದೇ ತಂತಿ ಎಳೆದು ಇನ್ನೊಂದು ತುದಿಯನ್ನು ಬಾಡಿಗೆ ಕೊಡುತ್ತಿದ್ದರು. ಆ ಅಭ್ಯಾಸ ಈಗಿನ ಸೆಟ್ಟಿಗೆ ಮಾರಕ. ಕಾರಣ ಸೊಗಸಾಗಿದೆ. 12 ವೋಲ್ಟಿನ ಬ್ಯಾಟರಿಯಿಂದ ಹೆಚ್ಚು ಶಕ್ತಿ ಹಿಂಡಬೇಕಾದರೆ ಏನು ಮಾಡುವುದು? ಸ್ಪೀಕರಿನ ಒಂದೊಂದು ತುದಿಗೂ ಒಂದೊಂದು ಆಂಪ್ಲಿಫೈಯರ್ ಕೊಟ್ಟರು. ಒಂದು ತುದಿಯ ವೋಲ್ಟೇಜ್ ಏರುವಾಗ ಇನ್ನೊಂದು ತುದಿಯದು ಅಷ್ಟೇ ಇಳಿಯುತ್ತದೆ. ನಡುವಿನ ಅಂತರ ಇಮ್ಮಡಿ, ಶಕ್ತಿ ನಾಲ್ಮಡಿ. ಇದಕ್ಕೆ ಬ್ರಿಜ್ ಜೋಡಣೆ ಅನ್ನುತ್ತಾರೆ. ಹಾಡು ನಿಂತಿರುವಾಗಲೂ ಎರಡೂ ತುದಿಗಳು ಬ್ಯಾಟರಿಯ ಅರ್ಧದಷ್ಟು, ಅಂದರೆ ಸುಮಾರು 7 ವೋಲ್ಟಿನಲ್ಲಿ ನಿಂತಿರುತ್ತವೆ. ಅಲ್ಲಿರುವ ‘ಮೈನಸ್’ ನಿಜವಾದ ಮೈನಸ್ಸೇ ಅಲ್ಲ. ಅದನ್ನು ಬಾಡಿಗೆ ಮುಟ್ಟಿಸಿದರೆ ಆ 7 ವೋಲ್ಟಿಗೆ ಶಾರ್ಟ್ ಆದಂತೆ. ಒಳ್ಳೆಯ ಚಿಪ್ ತನ್ನನ್ನು ತಾನು ಆರಿಸಿಕೊಳ್ಳುತ್ತದೆ, ಅಗ್ಗದ್ದು ಹೊಗೆಯಾಡುತ್ತದೆ. ಸ್ಪೀಕರಿಗೆ ಹೋದ ಕರೆಂಟು ಮರಳಬೇಕಾದದ್ದು ತನ್ನ ಜೋಡಿ ತಂತಿಯಲ್ಲೇ.

ಡಬ್ಬಿಯ ಮೇಲಿನ ‘50 ವಾಟ್ × 4’ ಎಂಬ ಬರಹವನ್ನೂ ಇಲ್ಲೇ ಪರೀಕ್ಷಿಸಬಹುದು. ಎಂಜಿನ್ ಓಡುವಾಗ ಗಾಡಿಯಲ್ಲಿ 14.4 ವೋಲ್ಟ್ ಇರುತ್ತದೆ. ಸ್ಪೀಕರಿನ ರೋಧ 4 ಓಮ್. ಚಿಪ್ಪನ್ನು ಮಿತಿಮೀರಿ ಒದ್ದು, ಅಲೆಯ ತಲೆ ಕತ್ತರಿಸಿ ಚೌಕ ಮಾಡಿದರೆ 14.4ರ ವರ್ಗವನ್ನು 4ರಿಂದ ಭಾಗಿಸಿದಷ್ಟು ಶಕ್ತಿ ಬರುತ್ತದೆ: 52 ವಾಟ್. ಡಬ್ಬಿಯ ಐವತ್ತು ಹುಟ್ಟಿದ್ದು ಹೀಗೆ. ದನಿ ಒಡೆಯದ ದುಂಡನೆಯ ಅಲೆಗೆ ಇದರ ಅರ್ಧ, ಅಂದರೆ 26. ಚಿಪ್ಪಿನೊಳಗಿನ ನಷ್ಟ ಕಳೆದರೆ 20ರ ಆಸುಪಾಸು. ಸೆಟ್ಟಿನ ಬೆನ್ನಿಗಿರುವ 10 ಆಂಪಿಯರಿನ ಕೆಂಪು ಫ್ಯೂಸೂ ಇದನ್ನೇ ಹೇಳುತ್ತದೆ. 14.4 ವೋಲ್ಟಿಗೆ 10 ಆಂಪಿಯರ್ ಅಂದರೆ 144 ವಾಟ್. ಒಳಕ್ಕೆ ಹೋಗುವುದೇ ಇಷ್ಟಾದರೆ ಒಂದೇ ಸಮನೆ 200 ವಾಟ್ ಹೊರಗೆ ಬರುವುದಾದರೂ ಎಲ್ಲಿಂದ? 20 ವಾಟ್ ಕಡಿಮೆಯೇನಲ್ಲ. ಪಿಕಪ್ಪಿನ ಪುಟ್ಟ ಕ್ಯಾಬಿನ್ನಿಗೆ ಅದು ಧಾರಾಳ.

ಆ ಪುಟ್ಟತನ ಒಂದು ವರವೂ ಹೌದು. 50 ಹರ್ಟ್ಸಿನ ತಗ್ಗುದನಿಯ ಅಲೆ ಸುಮಾರು 7 ಮೀಟರ್ ಉದ್ದ. ಎರಡು ಮೀಟರಿಗಿಂತ ಕಿರಿದಾದ ಕ್ಯಾಬಿನ್ನಿನಲ್ಲಿ ಅದು ಅಲೆಯಾಗಿ ಹರಡುವುದೇ ಇಲ್ಲ; ಒಳಗಿನ ಗಾಳಿಯನ್ನೆಲ್ಲ ಒಟ್ಟಿಗೆ ಒತ್ತಿ ಬಿಡುತ್ತದೆ. ಸಣ್ಣ ವೂಫರ್ ಕೂಡ ಎದೆಗೆ ತಾಕುವುದು ಇದರಿಂದ. ಆದರೆ ಬಾಗಿಲಿನ ತಗಡಿನಲ್ಲಿ ಸ್ಪೀಕರಿನ ಸುತ್ತ ಸಂದು ಬಿಡಬಾರದು. ಕೋನಿನ ಮುಂದೆ ಗಾಳಿ ಒತ್ತಿದಾಗ ಹಿಂದೆ ಸಡಿಲಾಗುತ್ತದೆ. ಸಂದಿನಲ್ಲಿ ಅವೆರಡೂ ಸೇರಿದರೆ ತಗ್ಗುದನಿ ಅಲ್ಲೇ ಅಳಿಸಿಹೋಗುತ್ತದೆ. ಕರೆಂಟಿಗೆ ಮರಳುವ ದಾರಿ ಬೇಕು, ಈ ಗಾಳಿಗೆ ಅದು ಇರಕೂಡದು.

ದನಿ ಸಾಲದೆಂದು ಬೇರೆ ಆಂಪ್ ಹಾಕುವವರ ಲೆಕ್ಕ ಬೇರೆ. 12 ವೋಲ್ಟಿನ ಮಿತಿಯನ್ನು ದಾಟಲು ಆಂಪ್ ತನ್ನೊಳಗೇ ವೋಲ್ಟೇಜನ್ನು ಏರಿಸಿಕೊಳ್ಳುತ್ತದೆ. ಇದು ಹೊಸ ಉಪಾಯವಲ್ಲ. ಪಾಲ್ ಗಾಲ್ವಿನ್ ಅವರ ಕಂಪನಿ 1930ರಲ್ಲಿ ಅಮೆರಿಕದಲ್ಲಿ ‘ಮೋಟೊರೋಲಾ’ ಹೆಸರಿನ ಕಾರ್ ರೇಡಿಯೊವನ್ನು ಮಾರುಕಟ್ಟೆಗೆ ತಂದಾಗ ಗಾಡಿಗಳ ಬ್ಯಾಟರಿ 6 ವೋಲ್ಟಿನದು, ರೇಡಿಯೊ ವಾಲ್ವುಗಳಿಗೆ ಬೇಕಾದದ್ದು ನೂರಾರು ವೋಲ್ಟ್. ಮೊದಮೊದಲು ಅದಕ್ಕೆಂದೇ ಪ್ರತ್ಯೇಕ ಬ್ಯಾಟರಿಗಳನ್ನು ಗಾಡಿಯಲ್ಲಿ ಹೊರಬೇಕಿತ್ತು. ಆಮೇಲೆ ವೈಬ್ರೇಟರ್ ಬಂತು: ಉಕ್ಕಿನ ಎಲೆಯೊಂದು ಕ್ಷಣಕ್ಕೆ ನೂರಕ್ಕೂ ಹೆಚ್ಚು ಸಲ ಬಡಿದು ಕರೆಂಟನ್ನು ಕಡಿದು ಕೂಡಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಿತ್ತು. ಇಂದು ಅದೇ ಕಡಿದು ಕೂಡಿಸುವ ಕೆಲಸವನ್ನು ಟ್ರಾನ್ಸಿಸ್ಟರುಗಳು ಸದ್ದಿಲ್ಲದೆ ಮಾಡುತ್ತಿವೆ.

ನಿಜವಾದ 300 ವಾಟ್ ಕೊಡುವ ಆಂಪ್ ಸುಮಾರು 30 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಸೀಟಿನ ಹಿಂಬದಿಗೆ 4 ಮೀಟರ್ ದೂರ ಎಂದಿಟ್ಟುಕೊಳ್ಳೋಣ. ಮನೆಗೆ ಬಳಸುವ 2.5 ಚದರ ಮಿ.ಮೀ. ತಂತಿ ಎಳೆದರೆ ದಾರಿಯಲ್ಲೇ 0.8 ವೋಲ್ಟ್ ಸೋರಿ ತಂತಿ 25 ವಾಟಿನಷ್ಟು ಕಾಯುತ್ತದೆ. 16 ಚದರ ಮಿ.ಮೀ. ತಾಮ್ರವಾದರೆ ಸೋರುವುದು 0.13 ವೋಲ್ಟ್ ಮಾತ್ರ. ಅಗ್ಗದ ಕಿಟ್ಟುಗಳಲ್ಲಿ ಬರುವುದು ಅನೇಕ ಸಲ ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಷ್ಟೇ ದಪ್ಪದಲ್ಲಿ ಅದು ಸಾಗಿಸುವುದು ತಾಮ್ರದ ಮೂರನೇ ಎರಡರಷ್ಟು. ಚಾಕುವಿನಲ್ಲಿ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗೆ ಹೊಳೆದರೆ ಗೊತ್ತಾಗುತ್ತದೆ. ಆಂಪಿನಿಂದ ಬಾಡಿಗೆ ಹೋಗುವ ಕಪ್ಪು ತಂತಿಯೂ ಇದೇ ದಪ್ಪವಿರಬೇಕು. ಅದನ್ನು ಬಿಗಿಯುವ ಜಾಗದಲ್ಲಿ ಬಣ್ಣ ಕೆರೆದು ಲೋಹ ಬೆತ್ತಲೆ ಮಾಡಬೇಕು. ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಬಳಿಯಬೇಕು.

ಈ ದಪ್ಪ ತಂತಿ ಎಂಜಿನ್ ಕೋಣೆಯಿಂದ ಕ್ಯಾಬಿನ್ನಿಗೆ ಬರುವ ತೂತಿನ ಅಂಚು ಬ್ಲೇಡಿನಷ್ಟು ಹರಿತ. ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ಹಳ್ಳದಿಣ್ಣೆಯ ಕುಲುಕಾಟಕ್ಕೆ ಅಂಚು ತಂತಿಯ ಹೊದಿಕೆಯನ್ನು ಕೊರೆಯುತ್ತದೆ. ಒಳಗಿನ ತಾಮ್ರ ತಗಡಿಗೆ ತಾಕಿದ ಕ್ಷಣ, ಕರೆಂಟಿಗೆ ಎಲ್ಲಕ್ಕಿಂತ ಹತ್ತಿರದ ವಾಪಸ್ ದಾರಿ ಸಿಕ್ಕಿಬಿಡುತ್ತದೆ. ನೂರಾರು ಆಂಪಿಯರ್ ನುಗ್ಗಿ ತಂತಿ ಕೆಂಪಗೆ ಕಾಯುತ್ತದೆ. ಗಾಡಿಗೆ ಬೆಂಕಿ ಬೀಳುವುದು ಹೀಗೂ ಉಂಟು. ಆಂಪಿನ ಮೈಮೇಲಿರುವ ಫ್ಯೂಸು ಇಲ್ಲಿ ಏನೂ ಮಾಡಲಾರದು, ಏಕೆಂದರೆ ಕರೆಂಟು ಅಲ್ಲಿಯವರೆಗೆ ಬರುವುದೇ ಇಲ್ಲ. ಬ್ಯಾಟರಿಯಿಂದ ಒಂದು ಮೊಳದೊಳಗೆ ಇನ್ನೊಂದು ಫ್ಯೂಸು ಇರಲೇಬೇಕು. ಅದನ್ನು ಉಳಿಸಿದೆನೆಂದು ಬೀಗುವ ಅಂಗಡಿಯವರ ಕೈಗೆ ಗಾಡಿ ಕೊಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಆಂಪ್ ಹಾಕಿಸಿದ ಮೇಲೆ ಬರುವ ದೊಡ್ಡ ದೂರೆಂದರೆ ‘ಕುಯ್ಯ್’ ಸದ್ದು. ಆಕ್ಸಿಲರೇಟರ್ ಒತ್ತಿದಂತೆ ಅದೂ ಏರುತ್ತದೆ. ಡೀಸೆಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲವಾದ್ದರಿಂದ ಕಿಡಿಯ ಮೇಲೆ ಅನುಮಾನ ಬೇಡ; ಇದು ಆಲ್ಟರ್ನೇಟರಿನ ದನಿ. ಮೂರು ಫೇಸಿನ ಕರೆಂಟನ್ನು ಡಯೋಡುಗಳಿಂದ ಸಪಾಟು ಮಾಡಿದರೂ ಸಣ್ಣ ಏರಿಳಿತ ಉಳಿಯುತ್ತದೆ. 12 ಧ್ರುವಗಳ ಆಲ್ಟರ್ನೇಟರಿನಲ್ಲಿ ಪ್ರತಿ ಸುತ್ತಿಗೆ ಇಂಥ 36 ಏರಿಳಿತ. ಪುಲ್ಲಿ ಅದನ್ನು ಎಂಜಿನ್ನಿಗಿಂತ ಎರಡೂವರೆ ಪಟ್ಟು ವೇಗವಾಗಿ ತಿರುಗಿಸಿದರೆ, 800 ಆರ್‌ಪಿಎಂನ ಐಡಲಿನಲ್ಲಿ 1200 ಹರ್ಟ್ಸ್, 2400 ಆರ್‌ಪಿಎಂನಲ್ಲಿ 3600 ಹರ್ಟ್ಸ್. ನಮ್ಮ ಕಿವಿ ಅತಿ ಚುರುಕಾಗಿರುವ ಜಾಗವೇ ಅದು. ಈ ಏರಿಳಿತ ಹಾಡಿನೊಳಗೆ ನುಸುಳುವುದು ಎರಡು ವಾಪಸ್ ದಾರಿ ಇದ್ದಾಗ. ಸೆಟ್ಟಿನ ಅರ್ಥ್ ಡ್ಯಾಶ್‌ಬೋರ್ಡಿನ ಹಿಂದೆ, ಆಂಪಿನ ಅರ್ಥ್ ಸೀಟಿನಡಿ. ಎರಡರ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ. ಹಾಡನ್ನು ಒಯ್ಯುವ ಆರ್‌ಸಿಎ ಕೇಬಲ್ಲಿನ ಹೊರಕವಚ ಅವೆರಡನ್ನೂ ಸೇರಿಸಿಬಿಡುತ್ತದೆ. ಆಲ್ಟರ್ನೇಟರಿನ ಕರೆಂಟು ಆ ಕವಚದಲ್ಲೂ ಹರಿಯತೊಡಗಿ ಒಂದೆರಡು ವೋಲ್ಟಿನ ಹಾಡಿನ ಜೊತೆ ಬೆರೆಯುತ್ತದೆ. ಫಿಲ್ಟರ್ ಕೊಳ್ಳುವ ಮುಂಚೆ ಸೆಟ್ಟು, ಆಂಪ್ ಎರಡರ ಅರ್ಥನ್ನೂ ಒಂದೇ ಬೋಲ್ಟಿಗೆ ತಂದು ನೋಡಿ.

ಪಿಕಪ್ ಮಾರಿ ದೊಡ್ಡ ಲಾರಿ ಕೊಂಡವರು ಹಳೆಯ ಸೆಟ್ಟನ್ನು ಅಲ್ಲಿಗೂ ಒಯ್ಯುತ್ತಾರೆ. ಅಲ್ಲಿರುವುದು ಎರಡು ಬ್ಯಾಟರಿ ಸೇರಿದ 24 ವೋಲ್ಟ್. ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದಿಯುವುದು ಸುಲಭವೆನಿಸುತ್ತದೆ. ಆದರೆ ಆ ಒಂದು ಮಾತ್ರ ದಿನವೂ ಹೆಚ್ಚು ಬಸಿಯುತ್ತದೆ. ಚಾರ್ಜ್ ಆಗುವಾಗ ಎರಡಕ್ಕೂ ಹರಿಯುವ ಕರೆಂಟು ಒಂದೇ. ಒಂದು ಎಂದೂ ತುಂಬದೆ, ಇನ್ನೊಂದು ಅತಿಯಾಗಿ ಕುದಿದು, ಎರಡೂ ಹಾಳಾಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರಿನ ಬೆಲೆ ಒಂದು ಬ್ಯಾಟರಿಯ ಬೆಲೆಗಿಂತ ಬಹಳ ಕಡಿಮೆ.

ಜೋಡಣೆ ಮುಗಿದ ಮೇಲೆ ಸಾದಾ ಮಲ್ಟಿಮೀಟರಿನಿಂದ ಒಂದು ಪರೀಕ್ಷೆ ಮಾಡಿಸಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹತ್ತಿರಲಿ, ಹಾಡು ಜೋರಾಗಿರಲಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಸೆಟ್ಟಿನ ಕಪ್ಪು ತಂತಿಯ ಮೇಲೆ. ವೋಲ್ಟಿನ ಹತ್ತನೇ ಒಂದು ಭಾಗದೊಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ತೋರಿಸಿದರೆ, ಬ್ಯಾಟರಿಯ ಮೇಲಿನ ಕಡ್ಡಿಯನ್ನು ಅಲುಗಿಸದೆ ಇನ್ನೊಂದನ್ನು ಕ್ಯಾಬಿನ್ನಿನ ತಗಡಿಗೆ, ಆಮೇಲೆ ಛಾಸಿಗೆ, ಆಮೇಲೆ ಎಂಜಿನ್ನಿಗೆ ಮುಟ್ಟಿಸುತ್ತ ಬನ್ನಿ. ಅಂಕಿ ಎಲ್ಲಿ ಥಟ್ಟನೆ ಬೀಳುತ್ತದೋ ಅದಕ್ಕೆ ಮುಂಚಿನ ಬೋಲ್ಟನ್ನು ಬಿಚ್ಚಿಸಿ.